ಅಪ್‌ಡೌನ್‌ನ ಹುಡುಗಿ, ಬೀಚಿ ಹೆಡ್‌ನ ಹೆಂಗಸು

ಇಂಗ್ಲೆಂಡಿನ ಆಗ್ನೇಯ ಮೂಲೆಯ ಕೆಂಟ್ ಸೀಮೆಯಲ್ಲಿ ಈಸ್ಟ್ರಿ ಎಂಬ ಹಳ್ಳಿಯಿದೆ. ಅದರ ಪಕ್ಕದ ಅಪ್‌ಡೌನ್‌ನಲ್ಲಿ ಆಂಗ್ಲೋ-ಸ್ಯಾಕ್ಸನ್ನರ ಕಾಲದ ಒಂದು ಸ್ಮಶಾನ. ಕ್ರಿ.ಶ. ಏಳನೆಯ ಶತಮಾನದಲ್ಲಿ ಅಲ್ಲಿ ಹನ್ನೊಂದರಿಂದ ಹದಿಮೂರು ವರ್ಷದೊಳಗಿನ ಒಬ್ಬ ಹುಡುಗಿಯನ್ನು ಮಣ್ಣು ಮಾಡಿದರು. ಅವಳ ಜೊತೆ ಒಂದು ಚಾಕು, ಮೂಳೆಯ ಬಾಚಣಿಗೆ, ಒಂದು ಚಮಚ, ಕಡಲಾಚೆಯ ಫ್ರಾಂಕರ ನಾಡಿನಿಂದ ಬಂದಿರಬಹುದಾದ ಒಂದು ಮಡಕೆ ಇಟ್ಟರು. ಆ ಕಾಲದ ಕೆಂಟ್‌ನಲ್ಲಿ ಅನುಕೂಲಸ್ಥರ ಮನೆಯ ಮಗುವಿಗೆ ಸಲ್ಲುತ್ತಿದ್ದ ಮರ್ಯಾದೆಯೇ ಅವಳಿಗೂ ಸಂದಿದೆ. ಅದೇ ಸ್ಮಶಾನದಲ್ಲಿ ಅವಳ ರಕ್ತಸಂಬಂಧಿಗಳೂ ಮಲಗಿದ್ದಾರೆ. ಅವರ ವಂಶಮೂಲ ಉತ್ತರ ಯುರೋಪಿನದು. ಗೋರಿಯನ್ನು ಅಗೆದವರಿಗೆ ಅಲ್ಲಿ ವಿಶೇಷವೆನ್ನಿಸುವಂಥದ್ದೇನೂ ಕಂಡಿರಲಿಲ್ಲ.

ಅವಳ ಮೂಳೆಯೊಳಗಿನ ಡಿಎನ್‌ಎಯನ್ನು ಓದಿದಾಗ ಬೇರೆಯೇ ಕತೆ ಹೊರಬಿತ್ತು. 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ ಅವಳ ವಂಶಮೂಲದ ಸುಮಾರು ಮೂರನೆಯ ಒಂದು ಪಾಲು ಪಶ್ಚಿಮ ಆಫ್ರಿಕದ್ದು. ಇಂದಿನ ನೈಜೀರಿಯ, ಸಿಯೆರಾ ಲಿಯೋನ್ ಕಡೆಯ ಯೊರುಬಾ, ಎಸಾನ್, ಮೆಂಡೆ ಜನರಿಗೆ ಹತ್ತಿರವಾದದ್ದು. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಎಳೆ ಉತ್ತರ ಯುರೋಪಿನದೇ. ಅಂದರೆ ಅವಳ ತಂದೆಯ ಕಡೆಯ ಒಬ್ಬ ಹತ್ತಿರದ ಹಿರಿಯ ಜೀವ, ಬಹುಮಟ್ಟಿಗೆ ಅಜ್ಜ ಅಥವಾ ಅಜ್ಜಿ, ಸಹಾರಾ ಮರುಭೂಮಿಯ ದಕ್ಷಿಣದ ನಾಡಿನ ಮೂಲದವರು. 2025ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆ ಇಂಥದೇ ಇನ್ನೊಂದು ಪ್ರಕರಣವನ್ನು ಮುಂದಿಟ್ಟಿತು. ಡಾರ್ಸೆಟ್‌ನ ಕರಾವಳಿಯ ವರ್ತ್ ಮ್ಯಾಟ್ರವರ್ಸ್‌ನಲ್ಲಿ ಅದೇ ಏಳನೆಯ ಶತಮಾನದ ಒಬ್ಬ ತರುಣ. ಅವನಿಗೂ ಪಶ್ಚಿಮ ಆಫ್ರಿಕದ ಅಜ್ಜನೋ ಅಜ್ಜಿಯೋ ಇದ್ದರು, ಅವನ ತಾಯಿಯ ಎಳೆಯೂ ಉತ್ತರ ಯುರೋಪಿನದು. ತನಗೆ ನೆಂಟನಲ್ಲದ ಇನ್ನೊಬ್ಬ ಗಂಡಸಿನ ಜೊತೆ ಒಂದೇ ಗುಂಡಿಯಲ್ಲಿ ಅವನನ್ನು ಹೂಳಿದ್ದಾರೆ. ಪಕ್ಕದಲ್ಲಿ ಅಲ್ಲಿಯ ಸುಣ್ಣಕಲ್ಲಿನಲ್ಲೇ ಕಡೆದ ಒಂದು ಲಂಗರು.

ಈ ಇಬ್ಬರ ಸಂಗತಿ ನನಗೆ ಮುಖ್ಯವೆನ್ನಿಸುವುದು ಎರಡು ಕಾರಣಗಳಿಗೆ. ಒಂದು, ಆಫ್ರಿಕದವರು ಬ್ರಿಟನ್ನಿಗೆ ಬಂದದ್ದು ಗುಲಾಮರ ಹಡಗುಗಳ ಕಾಲದಲ್ಲಿ, ಇಲ್ಲವೇ 1948ರಲ್ಲಿ ವೆಸ್ಟ್ ಇಂಡೀಸ್‌ನಿಂದ ‘ವಿಂಡ್‌ರಶ್’ ಹಡಗು ಬಂದ ಮೇಲೆ ಎಂಬ ನಂಬಿಕೆಯನ್ನು ಇದು ಬುಡಸಮೇತ ಅಲುಗಾಡಿಸುತ್ತದೆ. ಇನ್ನೊಂದು ಕಾರಣ ಹೆಚ್ಚು ಗಂಭೀರವಾದದ್ದು. ಪ್ರಾಚೀನ ಬ್ರಿಟನ್ನಿನಲ್ಲಿ ಆಫ್ರಿಕದವರಿದ್ದರೇ ಎಂಬ ಪ್ರಶ್ನೆ ಇವತ್ತು ಬರೀ ಪುರಾತತ್ವದ ಪ್ರಶ್ನೆಯಾಗಿ ಉಳಿದಿಲ್ಲ. 2017ರಲ್ಲಿ ಬಿಬಿಸಿಯ ಮಕ್ಕಳ ಕಾರ್ಯಕ್ರಮವೊಂದರ ವ್ಯಂಗ್ಯಚಿತ್ರದಲ್ಲಿ ರೋಮನ್ ಕಾಲದ ಬ್ರಿಟನ್ನಿನ ಸೇನಾಧಿಕಾರಿಯೊಬ್ಬನನ್ನು ಕಪ್ಪು ಬಣ್ಣದಲ್ಲಿ ತೋರಿಸಿದ್ದಕ್ಕೆ ಸಾಮಾಜಿಕ ಜಾಲತಾಣದಲ್ಲಿ ಗದ್ದಲವೆದ್ದಿತು. ಆ ಚಿತ್ರಣಕ್ಕೆ ಇತಿಹಾಸದ ಆಧಾರವಿದೆ ಎಂದ ಕೇಂಬ್ರಿಜ್‌ನ ಪ್ರಾಧ್ಯಾಪಕಿ ಮೇರಿ ಬಿಯರ್ಡ್ ಅವರ ಮೇಲೆ ದಿನಗಟ್ಟಲೆ ಬೈಗುಳದ ಮಳೆ ಸುರಿಯಿತು. ಒಂದು ಪಕ್ಷಕ್ಕೆ ಪ್ರತಿಯೊಂದು ಎಲುಬಿನಲ್ಲೂ ಇಂದಿನ ವೈವಿಧ್ಯದ ಸಮರ್ಥನೆ ಬೇಕು. ಇನ್ನೊಂದು ಪಕ್ಷಕ್ಕೆ ಸಾವಿರ ವರ್ಷಗಳ ಹಿಂದೆ ಒಬ್ಬನೂ ಇರಲಿಲ್ಲ ಎಂಬ ಖಾತರಿ ಬೇಕು. ಎರಡೂ ಕಡೆಯ ಹಟದ ನಡುವೆ ಸಾಕ್ಷ್ಯ ನಲುಗುತ್ತದೆ. ನಾನು ಹೇಳಹೊರಟಿರುವುದು ಇಷ್ಟು: ಆಫ್ರಿಕದ ಜನ ಪ್ರಾಚೀನ ಬ್ರಿಟನ್ನಿನಲ್ಲಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಮಾತು ಗಟ್ಟಿಯಾಗಿ ನಿಲ್ಲಬೇಕಾದರೆ ಯಾವ ಸಾಕ್ಷ್ಯ ಎಷ್ಟು ಭಾರ ಹೊರುತ್ತದೆ ಎಂದು ನಾವು ನಿರ್ದಾಕ್ಷಿಣ್ಯವಾಗಿ ತೂಗಿ ನೋಡಬೇಕು, ನಮಗೆ ಪ್ರಿಯವಾದ ಸಾಕ್ಷ್ಯವನ್ನಂತೂ ಇನ್ನಷ್ಟು ನಿಷ್ಠುರವಾಗಿ.

ಬೀಚಿ ಹೆಡ್‌ನ ಹೆಂಗಸಿನ ಪ್ರಕರಣದಿಂದಲೇ ಶುರು ಮಾಡಬಹುದು. 2012ರಲ್ಲಿ ಈಸ್ಟ್‌ಬರ್ನ್ ಪಟ್ಟಣದ ಪುರಭವನದ ನೆಲಮಾಳಿಗೆಯ ಸಂಗ್ರಹದಲ್ಲಿ ಒಂದು ಪೆಟ್ಟಿಗೆ ಸಿಕ್ಕಿತು. ಒಳಗೆ ಒಬ್ಬ ಯುವತಿಯ ಅಸ್ಥಿಪಂಜರ. ಹತ್ತಿರದ ಬೀಚಿ ಹೆಡ್ ಎಂಬ ಕಡಲ ಕೋಡುಗಲ್ಲಿನ ಬಳಿ 1950ರ ದಶಕದಲ್ಲಿ ಸಿಕ್ಕಿದ್ದೆಂಬ ಚೀಟಿ. ಕಾಲಮಾಪನದಿಂದ ಅವಳು ರೋಮನ್ ಆಳ್ವಿಕೆಯ ಕಾಲದವಳೆಂದು ತಿಳಿಯಿತು. ತಲೆಬುರುಡೆಯ ಆಕಾರ ನೋಡಿ ತಜ್ಞರು ಆಫ್ರಿಕದ ಸಹಾರಾ ದಕ್ಷಿಣದ ಮೂಲದವಳಿರಬೇಕೆಂದರು. ಮುಖವನ್ನು ಮರುರೂಪಿಸಿದರು. ಬ್ರಿಟನ್ನಿನ ‘ಮೊದಲ ಕಪ್ಪು ಮಹಿಳೆ’ ಎಂದು ಅವಳು ಹೆಸರಾದಳು, ಅವಳ ನೆನಪಿಗೆ ಫಲಕವನ್ನೂ ಹಾಕಲಾಯಿತು. ಮುಂದೆ ಅರೆಬರೆ ಉಳಿದಿದ್ದ ಡಿಎನ್‌ಎಯಿಂದ ಸೈಪ್ರಸ್ ಕಡೆಯವಳಿರಬಹುದೆಂಬ ಸುಳಿವು ಬಂತು. ಕೊನೆಗೆ, ಇನ್ನೂ ಉತ್ತಮವಾದ ವಿಧಾನದಿಂದ ಡಿಎನ್‌ಎ ಓದಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೇನೆಂದರೆ ಅವಳು ದಕ್ಷಿಣ ಬ್ರಿಟನ್ನಿನ ಸ್ಥಳೀಯ ಹೆಂಗಸು, ಪ್ರಾಯಶಃ ನೀಲಿ ಕಣ್ಣಿನವಳು.

ಇದನ್ನು ಓದಿ ಒಂದು ಪಕ್ಷದವರು ಗೆದ್ದೆವೆಂದು ಕುಣಿದರೆ ಆಶ್ಚರ್ಯವಿಲ್ಲ. ಆದರೆ ಅವರು ಗಮನಿಸಬೇಕಾದದ್ದು, ತಪ್ಪನ್ನು ತಿದ್ದಿದ್ದು ಅವಳ ಮೇಲೆ ಮೊದಲಿನಿಂದ ಆಸಕ್ತಿಯಿಟ್ಟಿದ್ದ ಸಂಶೋಧಕರೇ. ತಮ್ಮ ಕೈಗೆ ಸಿಕ್ಕ ಅತ್ಯಂತ ಜನಪ್ರಿಯ ಕತೆಯನ್ನು ತಾವೇ ಪರೀಕ್ಷೆಗೊಡ್ಡಿ, ಉಲ್ಟಾ ಉತ್ತರ ಬಂದಾಗ ಅದನ್ನೇ ಅಚ್ಚು ಹಾಕಿಸಿದರು. ಬಿದ್ದದ್ದು ಆಫ್ರಿಕದ ವಲಸೆಯ ಕತೆಯಲ್ಲ. ತಲೆಬುರುಡೆ ಅಳೆದು ಮನುಷ್ಯನ ಊರು ಹೇಳುವ ವಿದ್ಯೆ. ಈ ವಿದ್ಯೆಯ ಹಿನ್ನೆಲೆ ಭಾರತದವರಾದ ನಮಗೆ ಚೆನ್ನಾಗಿ ಗೊತ್ತಿರಬೇಕು. 1901ರ ಜನಗಣತಿಯ ಆಯುಕ್ತ ಹರ್ಬರ್ಟ್ ರಿಸ್ಲೆ ಮೂಗಿನ ಅಗಲ-ಉದ್ದದ ಲೆಕ್ಕ ಹಾಕಿ ನಮ್ಮ ಜಾತಿಗಳಿಗೆ ಜನಾಂಗದ ಮೆಟ್ಟಿಲು ಕಟ್ಟಿದ್ದ. ಆ ಅಳತೆಗೋಲನ್ನು ಅನ್ಯಾಯಕ್ಕೆ ಬಳಸಿದಾಗ ಅದು ಸುಳ್ಳಾಗಿದ್ದರೆ, ಒಳ್ಳೆಯ ಉದ್ದೇಶಕ್ಕೆ ಬಳಸಿದ ಮಾತ್ರಕ್ಕೆ ನಿಜವಾಗುವುದಿಲ್ಲ. ಒಂದೇ ಊರಿನ ಜನರ ನಡುವೆಯೇ ತಲೆಬುರುಡೆಯ ಆಕಾರ ಬಹಳ ಬೇರೆಯಾಗುತ್ತದೆ. ಒಂದು ಬುರುಡೆಯನ್ನು ಕೈಯಲ್ಲಿ ಹಿಡಿದು ಇದು ಇಂಥ ಖಂಡದ್ದು ಎನ್ನುವುದು ಹೆಚ್ಚೆಂದರೆ ಊಹೆ.

ಹಾಗಿದ್ದರೆ ಯಾರ್ಕ್‌ನ ‘ದಂತದ ಬಳೆಯ ಮಹಿಳೆ’ಯನ್ನೂ ಇದೇ ಕಣ್ಣಿನಿಂದ ನೋಡಬೇಕಾಗುತ್ತದೆ. 1901ರಲ್ಲಿ ಯಾರ್ಕ್‌ನ ಸಿಕಮೋರ್ ಟೆರೇಸ್‌ನಲ್ಲಿ ಸಿಕ್ಕ, ನಾಲ್ಕನೆಯ ಶತಮಾನದ ಕಲ್ಲಿನ ಶವಪೆಟ್ಟಿಗೆ ಅವಳದು. ಅದರೊಳಗಿನ ಸಾಮಾನು ಗಮನವಿಟ್ಟು ನೋಡುವಂಥದ್ದು. ಆನೆಯ ದಂತದ ಬಳೆಗಳು. ಅವುಗಳ ಜೊತೆಗೇ, ಯಾರ್ಕ್‌ಷೈರ್ ಕರಾವಳಿಯಲ್ಲಿ ಸಿಗುವ ಜೆಟ್ ಎಂಬ ಕಡುಗಪ್ಪು ಹೊಳಪುಕಲ್ಲಿನ ಬಳೆಗಳು. ಕಿವಿಯೋಲೆ, ಮಣಿಗಳು, ಗಾಜಿನ ಕನ್ನಡಿ, ನೀಲಿ ಗಾಜಿನ ಹೂಜಿ. ತಂಗಿಗೋ ಅಕ್ಕನಿಗೋ ದೇವರಲ್ಲಿ ಬಾಳು ಎಂದು ಹರಸುವ ಲ್ಯಾಟಿನ್ ಅಕ್ಷರಗಳ ಒಂದು ಮೂಳೆಯ ಪಟ್ಟಿ. ಅವಳ ಸುತ್ತಲಿದ್ದವರು ಕ್ರೈಸ್ತರಿರಬಹುದು ಎಂಬ ಸೂಚನೆ ಇದರಿಂದ. ಕಪ್ಪು ಕಲ್ಲಿನ ಬಳೆಯೂ ಬಿಳಿ ದಂತದ ಬಳೆಯೂ, ಊರಿನದೂ ದೂರದೇಶದ್ದೂ, ಒಬ್ಬ ಶ್ರೀಮಂತ ಯುವತಿಯ ಜೊತೆ ಮಣ್ಣಿಗೆ ಹೋಗಿವೆ. 2010ರಲ್ಲಿ ರೀಡಿಂಗ್ ವಿಶ್ವವಿದ್ಯಾನಿಲಯದ ಸಂಶೋಧಕರು ಬುರುಡೆಯ ಅಳತೆ ಮತ್ತು ಹಲ್ಲಿನ ರಸಾಯನದ ಮೇಲೆ ಅವಳಿಗೆ ಉತ್ತರ ಆಫ್ರಿಕದ, ಮಿಶ್ರ ಮೂಲ ಇದ್ದಿರಬಹುದೆಂದರು. ಇದರಲ್ಲಿ ಬುರುಡೆಯ ಮೇಲೆ ನಿಂತ ಅರ್ಧಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಹಲ್ಲಿನ ಅರ್ಧವನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕು.

ನಮ್ಮ ಹಲ್ಲಿನ ಎನಾಮೆಲ್ ಚಿಕ್ಕಂದಿನಲ್ಲಿ ಒಮ್ಮೆ ಕಟ್ಟಿಕೊಂಡರೆ ಮುಗಿಯಿತು. ಮೂಳೆಯ ಹಾಗೆ ಅದು ಮತ್ತೆ ಮತ್ತೆ ಹೊಸದಾಗುವುದಿಲ್ಲ. ಆಗ ಕುಡಿದ ನೀರಿನ ಆಮ್ಲಜನಕದಲ್ಲಿ ಭಾರವಾದ ಮತ್ತು ಹಗುರವಾದ ಪರಮಾಣುಗಳ ಪ್ರಮಾಣ ಎಷ್ಟಿತ್ತೋ ಅದು ಹಲ್ಲಿನಲ್ಲಿ ದಾಖಲಾಗಿಬಿಡುತ್ತದೆ. ಬೆಚ್ಚನೆಯ, ಕಡಲಿಗೆ ಹತ್ತಿರದ ಊರಿನ ಮಳೆನೀರಿಗೂ ಚಳಿನಾಡಿನ ಒಳಭಾಗದ ಮಳೆನೀರಿಗೂ ಈ ಪ್ರಮಾಣ ಬೇರೆ. ಹಾಗೆಯೇ ತಿಂದ ಅನ್ನದ ಮೂಲಕ ಆ ನೆಲದ ಬಂಡೆಯ ಸ್ಟ್ರಾನ್ಷಿಯಂ ಕೂಡ ಹಲ್ಲು ಸೇರುತ್ತದೆ. ಆದ್ದರಿಂದ ಸತ್ತ ಊರಿಗೂ ಬೆಳೆದ ಊರಿಗೂ ತಾಳೆಯಾಗದಿದ್ದರೆ ಹಲ್ಲು ಅದನ್ನು ಹೇಳಿಬಿಡುತ್ತದೆ. ಆದರೆ ಎಲ್ಲಿಂದ ಎಂದು ಬೆರಳಿಟ್ಟು ತೋರಿಸುವುದಿಲ್ಲ. ಎಲ್ಲಿಂದ ಅಲ್ಲ ಎಂದು ಹೇಳುವುದೇ ಅದರ ನಿಜವಾದ ಶಕ್ತಿ. ಯಾರ್ಕ್‌ನ ಮಹಿಳೆಯ ಹಲ್ಲು ಯಾರ್ಕ್‌ಗಿಂತ ಬೆಚ್ಚನೆಯ ಜಾಗವೊಂದನ್ನು ಸೂಚಿಸುತ್ತದೆ. ಅದು ಮೆಡಿಟರೇನಿಯನ್ ಕರಾವಳಿಯೂ ಆಗಬಹುದು, ಬ್ರಿಟನ್ನಿನದೇ ಪಶ್ಚಿಮ ತೀರವೂ ಆಗಬಹುದು. ಇಷ್ಟನ್ನು ಮೂಲ ಸಂಶೋಧಕರೇ ಬರೆದಿದ್ದಾರೆ. ಪತ್ರಿಕೆಗಳ ತಲೆಬರಹ ಸೇರುವ ಹೊತ್ತಿಗೆ ಎರಡನೆಯ ಸಾಧ್ಯತೆ ಉದುರಿಹೋಯಿತು.

ಹಲ್ಲು ಹೇಳುವುದು ಬೆಳೆದ ಊರನ್ನು, ಡಿಎನ್‌ಎ ಹೇಳುವುದು ಹಿರಿಯರ ಬಳ್ಳಿಯನ್ನು. ಇವೆರಡನ್ನೂ ಕಲಸಿದರೆ ಎಂಥ ಗೊಂದಲವಾಗುತ್ತದೆ ಎಂಬುದಕ್ಕೆ ಲಂಡನ್ನಿನ ಸದಕ್‌ನಲ್ಲಿರುವ ಲ್ಯಾಂಟ್ ಸ್ಟ್ರೀಟ್‌ನ ಗೋರಿಗಿಂತ ಒಳ್ಳೆಯ ನಿದರ್ಶನ ನಾನು ಕಾಣೆ. ಅಲ್ಲಿ ಸಿಕ್ಕವಳು ರೋಮನ್ ಕಾಲದ ಸುಮಾರು ಹದಿನಾಲ್ಕರ ಹುಡುಗಿ. ಅವಳ ಜೊತೆ ಚಿರತೆಯ ಆಕಾರದಲ್ಲಿ ಕೆತ್ತಿದ ದಂತದ ಹಿಡಿಯ ಮಡಚುಚಾಕು. ಹಲ್ಲಿನ ಪ್ರಕಾರ ಅವಳ ಬಾಲ್ಯ ಕಳೆದದ್ದು ಮೆಡಿಟರೇನಿಯನ್‌ನ ದಕ್ಷಿಣ ಭಾಗದಲ್ಲಿ, ಬಹುಶಃ ಉತ್ತರ ಆಫ್ರಿಕದಲ್ಲಿ. ಡಿಎನ್‌ಎ ಪ್ರಕಾರ ಕಣ್ಣು ನೀಲಿ. ಇವಳನ್ನು ಅಪ್‌ಡೌನ್‌ನ ಹುಡುಗಿಯ ಪಕ್ಕದಲ್ಲಿಟ್ಟು ನೋಡಿ. ಒಬ್ಬಳು ನೀಲಿ ಕಣ್ಣಿನವಳು, ಆಫ್ರಿಕದ ಬಿಸಿಲಲ್ಲಿ ಬೆಳೆದು ಲಂಡನ್ನಿಗೆ ಬಂದವಳು. ಇನ್ನೊಬ್ಬಳು ಕೆಂಟ್‌ನ ನೆಂಟರ ನಡುವೆ ಮಲಗಿದವಳು, ಮೈಯಲ್ಲಿ ಪಶ್ಚಿಮ ಆಫ್ರಿಕದ ಹಿರಿಯರನ್ನು ಹೊತ್ತವಳು. ವಲಸೆ ಬಂದವಳು ಯಾರು? ಆಫ್ರಿಕದವಳು ಯಾರು? ಇಂದಿನ ಜಗಳಕ್ಕೆ ಬೇಕಾದ ಒಂದೇ ಪದದ ಉತ್ತರ ಇಲ್ಲಿ ಹುಟ್ಟುವುದೇ ಇಲ್ಲ. ಮೈಬಣ್ಣದ ಮಾತೂ ಅಷ್ಟೇ. ಸಾಮರ್‌ಸೆಟ್‌ನ ಗುಹೆಯಲ್ಲಿ 1903ರಲ್ಲಿ ಸಿಕ್ಕ, ಸುಮಾರು 10,000 ವರ್ಷ ಹಳೆಯ ಚೆಡ್ಡರ್ ಮನುಷ್ಯನಿಗೆ ಕಡುಗಪ್ಪು ಮೈಬಣ್ಣವಿದ್ದಿರಬೇಕೆಂದು 2018ರಲ್ಲಿ ಹೇಳಿದರು. ಅವನು ಆಫ್ರಿಕದಿಂದ ಆಗತಾನೇ ಬಂದವನಲ್ಲ. ಆಗಿನ ಪಶ್ಚಿಮ ಯುರೋಪಿನ ಬೇಟೆಗಾರರ ಬಣ್ಣವೇ ಹಾಗಿತ್ತು. ಅವನನ್ನು ಆಫ್ರಿಕದ ವಲಸೆಯ ಪಟ್ಟಿಗೆ ಸೇರಿಸುವುದು ಎರಡು ಬೇರೆ ಬೇರೆ ಕತೆಗಳನ್ನು ಹಾಳುಮಾಡಿದಂತೆ.

ಎಲುಬಿಗಿಂತ ಕಲ್ಲು ಕೆಲವೊಮ್ಮೆ ನೇರವಾಗಿ ಮಾತಾಡುತ್ತದೆ. ಶಾಸನಗಳ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೇಡ್ರಿಯನ್ ಚಕ್ರವರ್ತಿ ಕಟ್ಟಿಸಿದ ಗೋಡೆಯ ಪೂರ್ವದ ತುದಿಯ ಬಳಿ, ಟೈನ್ ನದಿ ಕಡಲು ಸೇರುವಲ್ಲಿ ಸೌತ್ ಶೀಲ್ಡ್ಸ್ ಊರಿದೆ. ಅಲ್ಲಿಯ ರೋಮನ್ ಕೋಟೆಯ ಹೆಸರು ಅರ್ಬೇಯ. ಆ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಎರಡನೆಯ ಶತಮಾನದ ಎರಡು ಗೋರಿಗಲ್ಲುಗಳಿವೆ. ಒಂದರಲ್ಲಿ ಒಬ್ಬ ತರುಣ ಮಂಚದ ಮೇಲೆ ಒರಗಿ ಔತಣ ಮಾಡುತ್ತಿದ್ದಾನೆ. ಕಾಲಬಳಿ ಚಿಕ್ಕ ಆಕೃತಿಯ ಸೇವಕನೊಬ್ಬ ಪಾನಪಾತ್ರೆ ಎತ್ತಿ ನೀಡುತ್ತಿದ್ದಾನೆ. ಕೆಳಗಿನ ಬರಹದ ಪ್ರಕಾರ ಇವನು ವಿಕ್ಟರ್, ಮೂರ್ ಜನಾಂಗದವನು, ಇಪ್ಪತ್ತು ವರ್ಷದವನು. ಅಸ್ತೂರಿಯ ಅಶ್ವದಳದ ಸವಾರ ನ್ಯುಮೇರಿಯಾನಸ್ ಬಿಡುಗಡೆ ಮಾಡಿದ ಗುಲಾಮ. ಆ ನ್ಯುಮೇರಿಯಾನಸ್ ಅತ್ಯಂತ ಅಕ್ಕರೆಯಿಂದ ಅವನನ್ನು ಗೋರಿಯವರೆಗೆ ಕಳಿಸಿಕೊಟ್ಟ. ಮೂರ್ ಎಂದರೆ ಇಂದಿನ ಮೊರಾಕೊ, ಪಶ್ಚಿಮ ಅಲ್ಜೀರಿಯದ ಕಡೆಯವರು. ಸವಾರನ ದಳ ಹುಟ್ಟಿದ್ದು ಉತ್ತರ ಸ್ಪೇನ್‌ನಲ್ಲಿ. ಕಲ್ಲಿನ ಶಿಲ್ಪಶೈಲಿಯೋ ಸಿರಿಯದ ಪಾಲ್ಮೈರಾ ಪಟ್ಟಣದ್ದು.

ಇನ್ನೊಂದು ಕಲ್ಲು ರೆಜಿನಾಳದು. ಅವಳು ದಕ್ಷಿಣ ಇಂಗ್ಲೆಂಡಿನ ಕ್ಯಾಟುವೆಲ್ಲೌನಿ ಬುಡಕಟ್ಟಿನ ಬ್ರಿಟನ್ ಹೆಣ್ಣು. ಮೊದಲು ಗುಲಾಮಳಾಗಿದ್ದವಳು, ಆಮೇಲೆ ಬಿಡುಗಡೆ ಹೊಂದಿ ತನ್ನ ಒಡೆಯನನ್ನೇ ಮದುವೆಯಾದಳು. ಆ ಒಡೆಯ ಪಾಲ್ಮೈರಾದ ಬರಾತೆಸ್. ಲ್ಯಾಟಿನ್ ಬರಹದ ಕೆಳಗೆ ಅವನು ತನ್ನ ತಾಯ್ನುಡಿಯಲ್ಲಿ ಒಂದು ಸಾಲು ದುಃಖ ಕೆತ್ತಿಸಿದ್ದಾನೆ. ಈ ಎರಡು ಕಲ್ಲುಗಳ ಮುಂದೆ ನಿಂತರೆ ಸ್ಥಳೀಯ ಒಡೆಯ, ಪರದೇಶಿ ಆಳು ಎಂಬ ನಮ್ಮ ತಲೆಯೊಳಗಿನ ಸಿದ್ಧಚಿತ್ರ ಉಳಿಯುವುದಿಲ್ಲ. ಇಲ್ಲಿ ಗುಲಾಮಳು ನಾಡಿನ ಹೆಣ್ಣು, ಒಡೆಯ ಸಿರಿಯದವನು. ಆಫ್ರಿಕದ ಹುಡುಗ ಗುಲಾಮನಾಗಿದ್ದವನು ಹೌದು, ಆದರೆ ಅವನ ಗೋರಿಗೆ ಸಂದ ಕಲೆಗಾರಿಕೆ ಎಷ್ಟೋ ಸೈನಿಕರಿಗೆ ಸಿಕ್ಕಿರಲಿಕ್ಕಿಲ್ಲ. ದೂರದ ಸಂಪರ್ಕ ಎಂದೊಡನೆ ಅದನ್ನು ಬರೀ ಸೌಹಾರ್ದದ ಕತೆ ಮಾಡುವವರು ವಿಕ್ಟರನ ಕೊರಳಲ್ಲಿದ್ದ ಗುಲಾಮಗಿರಿಯನ್ನು ಮರೆಯಬಾರದು. ಅದನ್ನು ಬರೀ ಗುಲಾಮಗಿರಿಯ ಕತೆ ಮಾಡುವವರು ನ್ಯುಮೇರಿಯಾನಸ್‌ನ ಅಕ್ಕರೆಯನ್ನೂ ಬಿಟ್ಟುಬಿಡಬಾರದು.

ಗೋಡೆಯ ಪಶ್ಚಿಮದ ತುದಿಯ ಕಡೆ ಬರ್ಗ್ ಬೈ ಸ್ಯಾಂಡ್ಸ್ ಹಳ್ಳಿ. ಅದರ ನೆರೆಯ ಬ್ಯೂಮಾಂಟ್‌ನಲ್ಲಿ 1934ರಲ್ಲಿ ಸಿಕ್ಕ ಬಲಿಪೀಠದ ಶಾಸನವೊಂದು ‘ಔರೇಲಿಯನ್ ಮೂರರ ದಳ’ವನ್ನು ಹೆಸರಿಸುತ್ತದೆ; ಕಾಲ ಕ್ರಿ.ಶ. 253ರಿಂದ 258ರ ನಡುವೆ. ರೋಮನ್ ಸಾಮ್ರಾಜ್ಯದ ಕೊನೆಗಾಲದ ಅಧಿಕಾರಿಗಳ ಪಟ್ಟಿಯಲ್ಲೂ ಅದೇ ಕೋಟೆಯಲ್ಲಿ ಅದೇ ದಳದ ಹೆಸರಿದೆ. ಇಲ್ಲಿ ಬುರುಡೆ ಬೇಡ, ಹಲ್ಲು ಬೇಡ. ಉತ್ತರ ಆಫ್ರಿಕದಲ್ಲಿ ಕಟ್ಟಿದ ಒಂದು ಪಡೆ ಕಂಬ್ರಿಯದ ಜೌಗಿನ ಅಂಚಿನಲ್ಲಿ ಬೀಡುಬಿಟ್ಟಿತ್ತು, ಅಷ್ಟು ಖಚಿತ. ಅಧಿಕಾರದ ಮೇಲಿನ ಮೆಟ್ಟಿಲಲ್ಲೂ ಆಫ್ರಿಕದವರಿದ್ದರು. 139ರಿಂದ ಕೆಲವು ವರ್ಷ ಬ್ರಿಟನ್ನಿನ ರಾಜ್ಯಪಾಲನಾಗಿ ಸ್ಕಾಟ್ಲೆಂಡಿನ ಆಂಟೊನೈನ್ ಗೋಡೆ ಕಟ್ಟಿಸಿದ ಕ್ವಿಂಟಸ್ ಲೊಲ್ಲಿಯಸ್ ಉರ್ಬಿಕಸ್ ಇಂದಿನ ಅಲ್ಜೀರಿಯದ ತಿದ್ದಿಸ್ ಎಂಬ ಗುಡ್ಡದೂರಿನವನು. ಅವನ ಮನೆತನದ ಸಮಾಧಿ ಅಲ್ಲೇ ಹತ್ತಿರದಲ್ಲಿದೆ. ಲಿಬಿಯದ ಲೆಪ್ಟಿಸ್ ಮ್ಯಾಗ್ನಾದಲ್ಲಿ ಹುಟ್ಟಿದ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ 208ರಲ್ಲಿ ದಂಡೆತ್ತಿ ಬಂದು 211ರ ಫೆಬ್ರುವರಿಯಲ್ಲಿ ಯಾರ್ಕ್‌ನಲ್ಲೇ ತೀರಿಕೊಂಡ. ಇವನು ಗೋಡೆಯ ಬಳಿ ಒಬ್ಬ ಇಥಿಯೋಪಿಯದ ಸೈನಿಕನನ್ನು ಕಂಡು ಅಪಶಕುನವೆಂದು ಬೆಚ್ಚಿದ ಕತೆ ಬಹಳ ಪ್ರಸಿದ್ಧ. ಅದು ಬರುವುದು ‘ಹಿಸ್ಟೋರಿಯ ಆಗುಸ್ಟಾ’ ಎಂಬ, ಕಟ್ಟುಕತೆಗೆ ಹೆಸರಾದ ಗ್ರಂಥದಲ್ಲಿ. ನಾನಾದರೆ ಅದನ್ನು ಸಾಕ್ಷಿಯ ಕಟಕಟೆಗೆ ಹತ್ತಿಸುವುದಿಲ್ಲ. ಅದಿಲ್ಲದೆಯೂ ವಾದಕ್ಕೆ ಏನೂ ಕೊರತೆಯಿಲ್ಲ.

ಈ ದೊಡ್ಡವರಿಗಿಂತ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಅಡುಗೆಯ ಮಡಕೆಗಳ ಮೇಲೆ. ಮಡಕೆತಜ್ಞೆ ವಿವಿಯನ್ ಸ್ವಾನ್ 1992ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು. ಯಾರ್ಕ್‌ನಲ್ಲೂ ಆಂಟೊನೈನ್ ಗೋಡೆಯ ಕೋಟೆಗಳಲ್ಲೂ ಒಂದು ಬಗೆಯ ತಳ ದುಂಡಗಿನ, ಆಳವಿಲ್ಲದ ಬಾಣಲೆಗಳು ಸಿಗುತ್ತವೆ. ಬ್ರಿಟನ್ನಿನಲ್ಲಿ ಒಲೆಯ ಬೂದಿಯ ಮೇಲೋ ನೆಲದ ಮೇಲೋ ಕೂರಿಸುವ ಚಪ್ಪಟೆ ತಳದ ಪಾತ್ರೆ ರೂಢಿ. ದುಂಡು ತಳದ್ದನ್ನು ಕೂರಿಸಲು ಮಣ್ಣಿನ ಅಗ್ಗಿಷ್ಟಿಕೆ ಬೇಕು. ಆ ಬಗೆಯ ಅಡುಗೆ ಉತ್ತರ ಆಫ್ರಿಕದ್ದು. ವಿಶೇಷವೆಂದರೆ ಈ ಪಾತ್ರೆಗಳು ಹಡಗಿನಲ್ಲಿ ಬಂದವಲ್ಲ, ಬ್ರಿಟನ್ನಿನ ಮಣ್ಣಿನಲ್ಲೇ ಮಾಡಿದವು. ಸಾಮಾನು ಬರಲು ವ್ಯಾಪಾರಿ ಸಾಕು. ಇಲ್ಲಿಯ ಮಣ್ಣಿನಲ್ಲಿ ಅಲ್ಲಿಯ ಆಕಾರ ತೆಗೆಯಲು ಅಲ್ಲಿಯ ಕೈ ಬೇಕು, ಅಲ್ಲಿಯ ಊಟ ಬೇಡುವ ಬಾಯಿಯೂ ಬೇಕು. ಮುಂಬಯಿಯ ಹಳೆಯ ಕೇರಿಯೊಂದರಲ್ಲಿ ರೊಟ್ಟಿ ಬಡಿಯುವ ಕೊಣಮಿಗೆ ಸಿಕ್ಕರೆ, ಅದು ಅಲ್ಲಿಯ ಮರದ್ದೇ ಆಗಿದ್ದರೂ, ಒಂದು ಕಾಲಕ್ಕೆ ಆ ಮನೆಯಲ್ಲಿದ್ದವರು ಯಾವ ಸೀಮೆಯವರೆಂದು ಊಹಿಸುವುದು ಕಷ್ಟವೇ? 145ರ ಆಸುಪಾಸಿನಿಂದ ಮೂರರ ನಾಡಾದ ಮೌರಿಟೇನಿಯದಲ್ಲಿ ರೋಮನ್ನರು ಮಾಡಿದ ಯುದ್ಧಕ್ಕೆ ಬ್ರಿಟನ್ನಿನ ಸೈನಿಕರು ಹೋಗಿ ಅಲ್ಲಿಂದ ಹೊಸಬರನ್ನು ಕೂಡಿಕೊಂಡು ಮರಳಿರಬೇಕೆಂಬುದು ಸ್ವಾನ್ ಅವರ ತರ್ಕ. ಇದಕ್ಕೂ ಮಿತಿಯಿದೆ. ಒಂದು ಪಾತ್ರೆ ಚೆನ್ನಾಗಿದ್ದರೆ ನೆರೆಯವರೂ ಮಾಡಿಸಿಕೊಳ್ಳುತ್ತಾರೆ, ಬಾಣಲೆಗಳನ್ನು ಎಣಿಸಿ ತಲೆ ಎಣಿಸಲಾಗದು. ಆದರೂ ಶಾಸನಗಳಲ್ಲಿ ಎಂದೂ ಹೆಸರು ಬಾರದ ಜನರಿಗೆ ತೀರಾ ಹತ್ತಿರ ನಮ್ಮನ್ನು ಒಯ್ಯುವುದು ಇಂಥ ಮಸಿ ಹಿಡಿದ ಚೂರುಗಳೇ.

ರೋಮನ್ನರು ಹೊರಟ ಮೇಲೆ ಬ್ರಿಟನ್ ಕತ್ತಲಲ್ಲಿ ಬಿದ್ದು ಎಲ್ಲರೊಂದಿಗೂ ಸಂಪರ್ಕ ಕಡಿದುಕೊಂಡಿತೆಂದು ಹಳೆಯ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಹಾಗಾಗಿದ್ದರೆ ಅಪ್‌ಡೌನ್‌ನ ಹುಡುಗಿ ಹುಟ್ಟುತ್ತಲೇ ಇರಲಿಲ್ಲ. ಕಾರ್ನ್‌ವಾಲ್‌ನ ಟಿಂಟ್ಯಾಜೆಲ್ ಬಂಡೆಯ ಮೇಲೆ ಐದು-ಆರನೆಯ ಶತಮಾನದ ಮಡಕೆಚೂರುಗಳು ರಾಶಿಗಟ್ಟಲೆ ಸಿಕ್ಕಿವೆ. ಎಣ್ಣೆ, ಮದ್ಯ ತುಂಬಿ ತಂದ ಪೂರ್ವ ಮೆಡಿಟರೇನಿಯನ್‌ನ ಜಾಡಿಗಳು. ಇಂದಿನ ತುರ್ಕಿಯ ಫೊಕೇಯದಿಂದಲೂ ಕಾರ್ಥೇಜ್ ಸೀಮೆಯಿಂದಲೂ ಬಂದ ಕೆಂಪು ತಟ್ಟೆಗಳು. ಹಿಂದೆ ಚೆಷೈರ್‌ಗೆ ಸೇರಿದ್ದ ಮೀಲ್ಸ್ ಕಡಲತೀರದಲ್ಲಿ ಈಜಿಪ್ಟಿನ ಸಂತ ಮೇನಾಸನ ಯಾತ್ರಾಸ್ಥಳದ ತೀರ್ಥದ ಕುಡಿಕೆ ಸಿಕ್ಕಿದೆ. ಏಳನೆಯ ಶತಮಾನದ ಆರಂಭದಲ್ಲಿ ಅಲೆಕ್ಸಾಂಡ್ರಿಯದ ಧರ್ಮಗುರುವಾಗಿದ್ದ ಸಂತ ಜಾನ್‌ನ ಚರಿತ್ರೆಯಲ್ಲಿ, ಬರಗಾಲದ ಬ್ರಿಟನ್ನಿಗೆ ಧಾನ್ಯ ಒಯ್ದು ತವರ ತಂದ ಹಡಗಿನ ಪ್ರಸಂಗವಿದೆ. ಆ ತವರ ದಾರಿಯಲ್ಲಿ ಬೆಳ್ಳಿಯಾಯಿತೆಂಬುದು ಪವಾಡ. ಪವಾಡವನ್ನು ಬಿಟ್ಟುಬಿಡೋಣ. ಪವಾಡ ನಡೆಯಲು ಲೇಖಕ ಆರಿಸಿಕೊಂಡ ಹಿನ್ನೆಲೆ ಮಾತ್ರ ಕೇಳುಗರಿಗೆ ನಂಬುವಂತಿರಲೇಬೇಕಿತ್ತು. ಈಜಿಪ್ಟಿನ ಹಡಗು ಬ್ರಿಟನ್ನಿಗೆ ಹೋಗಿಬರುವುದು ಆ ಕೇಳುಗರಿಗೆ ಅಸಂಭವವಾಗಿ ಕಂಡಿರಲಿಲ್ಲ.

ಈ ಜಾಲದ ಒಂದು ತುದಿ ನಮ್ಮ ಕಡೆಗೂ ಬರುತ್ತದೆ. ಹೇಡ್ರಿಯನ್ ಗೋಡೆಯ ಬಳಿಯ ವಿಂಡೊಲಾಂಡಾದಲ್ಲಿ ಸಿಕ್ಕ ತೆಳುಮರದ ಹಲಗೆಯೊಂದರ ಲೆಕ್ಕದಲ್ಲಿ ಗ್ಯಾಂಬ್ಯಾಕ್ಸ್ ಎಂಬ ಸೈನಿಕ ಎರಡು ದಿನಾರಿಗೆ ಕಾಳುಮೆಣಸು ಕೊಂಡದ್ದು ದಾಖಲಾಗಿದೆ. ಆ ಕಾಲದ ರೋಮನ್ ಜಗತ್ತಿಗೆ ಕರಿಮೆಣಸು ಹೋಗುತ್ತಿದ್ದುದು ದಕ್ಷಿಣ ಭಾರತದ ಪಶ್ಚಿಮ ಕರಾವಳಿಯಿಂದ. ಸಫೊಕ್‌ನ ಹಾಕ್ಸ್‌ನ್‌ನಲ್ಲಿ 1992ರಲ್ಲಿ ಸಿಕ್ಕ ನಿಧಿಯಲ್ಲಿ ಬೆಳ್ಳಿಯ ಮೆಣಸಿನ ಡಬ್ಬಿಗಳೇ ಇವೆ. ಇತ್ತ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿದೆ. ಮೆಣಸು ಹೋಯಿತೆಂದ ಮಾತ್ರಕ್ಕೆ ಮೆಣಸು ಬೆಳೆದವನು ಹೋದನೆಂದಲ್ಲ, ನಾಣ್ಯ ಬಂತೆಂದು ರೋಮನ್ ಪ್ರಜೆ ಚಂದ್ರವಳ್ಳಿಗೆ ಬಂದನೆಂದೂ ಅಲ್ಲ. ಸರಕು ಕೈಯಿಂದ ಕೈಗೆ ದಾಟುತ್ತದೆ. ಈ ವ್ಯತ್ಯಾಸವನ್ನು ಬ್ರಿಟನ್ನಿನ ವಿಷಯದಲ್ಲೂ ಮರೆಯುವಂತಿಲ್ಲ: ಟಿಂಟ್ಯಾಜೆಲ್‌ನ ತಟ್ಟೆ ಸಂಪರ್ಕಕ್ಕೆ ಸಾಕ್ಷಿ, ವಲಸೆಗಲ್ಲ.

ವಲಸೆಗೆ ಸಾಕ್ಷಿ ಬೇಕಾದರೆ ಕ್ಯಾಂಟರ್ಬರಿಗೆ ಹೋಗಬೇಕು. ಆಂಗ್ಲೋ-ಸ್ಯಾಕ್ಸನ್ನರ ಬಹುದೊಡ್ಡ ಇತಿಹಾಸಕಾರ ಬೀಡ್ 731ರಲ್ಲಿ ಮುಗಿಸಿದ ಗ್ರಂಥದಲ್ಲಿ ಅಬಾಟ್ ಹೇಡ್ರಿಯನ್ ಎಂಬ ಗುರುವಿನ ವಿಷಯ ಬರೆದಿದ್ದಾನೆ. ಚಕ್ರವರ್ತಿಯ ಹೆಸರೇ ಇವನಿಗೂ, ಆದರೆ ಇವನು ಆಫ್ರಿಕ ಮೂಲದ ಸಂನ್ಯಾಸಿ. ನೇಪಲ್ಸ್ ಬಳಿಯ ಮಠದಲ್ಲಿದ್ದ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಪಟ್ಟ ತನಗೆ ಬಂದಾಗ ಒಲ್ಲೆನೆಂದು, ಇಂದಿನ ತುರ್ಕಿಯ ತಾರ್ಸಸ್‌ನ ಥಿಯೊಡೋರನ ಹೆಸರು ಸೂಚಿಸಿದ. ಆಮೇಲೆ ಅವನ ಜೊತೆಗಾರನಾಗಿ ತಾನೂ ಇಂಗ್ಲೆಂಡಿಗೆ ಹೊರಟು 670ರ ಸುಮಾರಿಗೆ ತಲುಪಿದ. ಇವರಿಬ್ಬರ ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್, ಛಂದಸ್ಸು, ಖಗೋಳ ಕಲಿತ ಶಿಷ್ಯರಲ್ಲಿ ಕೆಲವರಿಗೆ ಆ ಭಾಷೆಗಳು ತಾಯ್ನುಡಿಯಷ್ಟೇ ಸಲೀಸಾಗಿದ್ದವೆಂದು ಬೀಡ್ ಹೊಗಳುತ್ತಾನೆ. ಇಂಗ್ಲೆಂಡಿನ ಮೊದಲ ದೊಡ್ಡ ಲ್ಯಾಟಿನ್ ಕವಿ ಆಲ್ಡ್‌ಹೆಲ್ಮ್ ಹೇಡ್ರಿಯನ್‌ನ ಶಿಷ್ಯ. ಸುಮಾರು ನಾಲ್ಕು ದಶಕ ಒಂದು ನಾಡಿನ ವಿದ್ಯೆಯ ಬುನಾದಿ ಹಾಕಿದವನು ಆಫ್ರಿಕದವನು. ಈ ಸಂಗತಿ ಯಾವ ಪ್ರಯೋಗಶಾಲೆಯ ಫಲಿತಾಂಶಕ್ಕೂ ಕಾಯಬೇಕಾಗಿಲ್ಲ. ಹದಿಮೂರು ಶತಮಾನಗಳಿಂದ ಅಚ್ಚಳಿಯದೆ ಓದಲು ಸಿಗುತ್ತಿದೆ. ಬೀಚಿ ಹೆಡ್‌ನ ಹೆಂಗಸಿಗೆ ಸಿಕ್ಕ ಪ್ರಚಾರದ ಹತ್ತರಲ್ಲೊಂದು ಪಾಲು ಹೇಡ್ರಿಯನ್‌ಗೆ ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ.

ಅಪ್‌ಡೌನ್‌ನ ಹುಡುಗಿಯ ಆ ಹಿರಿಯ ಜೀವ ಬಂದ ದಾರಿ ಯಾವುದು? 533-34ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಸೇನಾನಿ ಬೆಲಿಸಾರಿಯಸ್ ಉತ್ತರ ಆಫ್ರಿಕವನ್ನು ಮತ್ತೆ ಗೆದ್ದುಕೊಂಡ ಮೇಲೆ ಕಾರ್ಥೇಜ್ ಬಂದರು ಕಾನ್‌ಸ್ಟಾಂಟಿನೋಪಲ್‌ನ ಆಳ್ವಿಕೆಗೆ ಬಂತು. ಕೆಂಟ್‌ನ ಅರಸು ಎಥೆಲ್ಬರ್ಟ್ ಫ್ರಾಂಕರ ರಾಜಕುಮಾರಿ ಬರ್ತಾಳನ್ನು ಮದುವೆಯಾಗಿದ್ದ. 597ರಲ್ಲಿ ರೋಮ್‌ನಿಂದ ಧರ್ಮಪ್ರಚಾರಕ ಅಗಸ್ಟೀನ್ ಬಂದಿಳಿದದ್ದೂ ಕೆಂಟ್‌ಗೇ. ಸಹಾರಾದ ದಕ್ಷಿಣದಿಂದ ಉತ್ತರ ಆಫ್ರಿಕ, ಅಲ್ಲಿಂದ ಮೆಡಿಟರೇನಿಯನ್, ಅಲ್ಲಿಂದ ಫ್ರಾಂಕರ ನಾಡು, ಕೊನೆಗೆ ಕೆಂಟ್ ಎಂಬ ಸರಪಳಿಯ ಪ್ರತಿ ಕೊಂಡಿಯೂ ಆಗ ಇತ್ತು. ಬಂದವರು ವರ್ತಕರೋ, ಸೈನಿಕರೋ, ಸೆರೆಯಾಳೋ, ಪಾದ್ರಿಯ ಪರಿವಾರದವರೋ ಎಂದು ಮಾತ್ರ ಎಲುಬು ಹೇಳದು. ಆ ಖಾಲಿ ಜಾಗವನ್ನು ಕಾದಂಬರಿಕಾರರು ತುಂಬಲಿ, ಅದು ಅವರ ಹಕ್ಕು. ಇತಿಹಾಸ ಬರೆಯುವವರು ತುಂಬಕೂಡದು.

ಎಷ್ಟು ಜನ ಇದ್ದರು ಎಂಬ ಪ್ರಶ್ನೆಗೂ ಇದೇ ಮಾತು. 2022ರ ಅಧ್ಯಯನ ಇಂಗ್ಲೆಂಡಿನ 278 ಮಧ್ಯಯುಗದ ಜನರ ಡಿಎನ್‌ಎ ಓದಿತು. ಪೂರ್ವ ಮತ್ತು ದಕ್ಷಿಣ ಇಂಗ್ಲೆಂಡಿನವರ ವಂಶಮೂಲದ ಬಹುಪಾಲು, ಸುಮಾರು ಶೇ. 76ರಷ್ಟು, ಕಡಲಾಚೆಯ ಉತ್ತರ ಯುರೋಪಿನದೆಂದು ಕಂಡಿತು. ಇಂಗ್ಲಿಷರನ್ನು ‘ಮೂಲನಿವಾಸಿ’ಗಳೆಂದು ಸಾಧಿಸಹೊರಟವರು ಈ ಅಂಕಿಯನ್ನು ಅರಗಿಸಿಕೊಳ್ಳಲಿ: ಅಲ್ಲಿ ಆಗಿದ್ದ ದೊಡ್ಡ ವಲಸೆ ಜರ್ಮನಿ, ಹಾಲೆಂಡ್, ಡೆನ್ಮಾರ್ಕ್ ಕಡೆಯದು. ಅಷ್ಟೂ ಜನರ ನಡುವೆ ಪಶ್ಚಿಮ ಆಫ್ರಿಕದ ಎಳೆ ಇರುವವರು ಬೆರಳೆಣಿಕೆಯಷ್ಟೇ ಎಂಬುದನ್ನು ಇನ್ನೊಂದು ಪಕ್ಷವೂ ಒಪ್ಪಿಕೊಳ್ಳಲಿ. ಬೆರಳೆಣಿಕೆ ಎಂದರೆ ಸೊನ್ನೆಯಲ್ಲ. ಒಂದು ಸ್ಮಶಾನದ ಒಬ್ಬ ಹುಡುಗಿ ಕಣ್ಣಿಗೆ ಬಿದ್ದದ್ದು ಆಕಸ್ಮಿಕ, ಆದರೆ ಅವಳ ಹಿರಿಯರ ಪ್ರಯಾಣ ಹಡಗು, ದಾರಿ, ವ್ಯಾಪಾರ, ಮದುವೆಗಳ ಒಂದು ವ್ಯವಸ್ಥೆಯಿಲ್ಲದೆ ಆಗುವಂಥದ್ದಲ್ಲ.

ಇದೇ ಸಲಕರಣೆಯನ್ನು ನಮ್ಮ ನೆಲದಲ್ಲೂ ಬಳಸಿದ್ದಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನಲ್ಲಿ ಬಾಳುವ ಸಿದ್ದಿಯರ ಹಿರಿಯರು ಆಫ್ರಿಕದವರೆಂಬ ಸಮುದಾಯದ ನೆನಪನ್ನು 2011ರ ವಂಶವಾಹಿ ಅಧ್ಯಯನಗಳು ದೃಢಪಡಿಸಿದವು, ಜೊತೆಗೆ ಇಲ್ಲಿಯ ಜನರೊಂದಿಗೆ ಅವರ ರಕ್ತ ಬೆರೆತದ್ದನ್ನೂ ತೋರಿಸಿದವು. ಸಿದ್ದಿಯರು ಮನೆಯಲ್ಲಿ ಆಡುವುದು ಕೊಂಕಣಿ, ಕನ್ನಡ. ಆದರೂ ಬಸ್ಸಿನಲ್ಲಿ, ಪೇಟೆಯಲ್ಲಿ ನೀವು ಯಾವ ದೇಶದವರು ಎಂಬ ಪ್ರಶ್ನೆಯನ್ನು ಅವರು ಇಂದೂ ಎದುರಿಸಬೇಕಾಗುತ್ತದೆ. ಏಳನೆಯ ಶತಮಾನದ ಕೆಂಟ್‌ನಲ್ಲಿ ಆ ಹುಡುಗಿಗೆ ಇಂಥ ಪ್ರಶ್ನೆ ಎದುರಾಗಿತ್ತೋ ಇಲ್ಲವೋ, ಅವಳ ಗೋರಿಯಲ್ಲಂತೂ ಅದರ ಗುರುತಿಲ್ಲ. ಅವಳನ್ನು ಅಂಚಿಗೆ ತಳ್ಳಿಲ್ಲ, ಬೇರೆ ದಿಕ್ಕಿಗೆ ಮಲಗಿಸಿಲ್ಲ, ನೆಂಟರಿಂದ ಬೇರ್ಪಡಿಸಿಲ್ಲ.

ಆದ್ದರಿಂದ ಈಗ ಆಗಬೇಕಾದ ಕೆಲಸ ಸ್ಪಷ್ಟವಾಗಿದೆ. ಬುರುಡೆಯ ಅಳತೆಯ ಮೇಲೆ ಆಫ್ರಿಕದವರೆಂದು ಹೆಸರು ಪಡೆದ ಬ್ರಿಟನ್ನಿನ ಪ್ರತಿಯೊಂದು ಹಳೆಯ ಅಸ್ಥಿಯನ್ನೂ, ಡಿಎನ್‌ಎ ಉಳಿದಿದ್ದರೆ, ಬೀಚಿ ಹೆಡ್‌ನ ಹೆಂಗಸಿಗೆ ಮಾಡಿದ ಹಾಗೆಯೇ ಮತ್ತೆ ಓದಬೇಕು. ಹಾಗೆಯೇ, ಸ್ಥಳೀಯರೆಂದು ಬದಿಗಿಟ್ಟ ಎಲುಬುಗಳನ್ನೂ ಓದಬೇಕು. ಅಪ್‌ಡೌನ್‌ನ ಹುಡುಗಿ ಸಿಕ್ಕಿದ್ದು ಆ ಎರಡನೆಯ ರಾಶಿಯಲ್ಲಿ. ವಸ್ತುಸಂಗ್ರಹಾಲಯದ ಚೀಟಿಗಳಲ್ಲಿ ತೀರ್ಮಾನದ ಜೊತೆಗೆ ಅದು ಯಾವುದರ ಮೇಲೆ ನಿಂತಿದೆ ಎಂಬುದನ್ನೂ ಬರೆಯಬೇಕು: ಬುರುಡೆ, ಹಲ್ಲು, ಡಿಎನ್‌ಎ, ಶಾಸನ ಅಥವಾ ಮಡಕೆ. ಹತ್ತು ವರ್ಷದ ಮಗುವಿಗೂ ಅರ್ಥವಾಗುವ ಹಾಗೆ ಇದನ್ನು ಎರಡು ಸಾಲಿನಲ್ಲಿ ಬರೆಯಬಹುದು. ಯಾರ್ಕ್‌ನ ಮಹಿಳೆಯ ಬಗ್ಗೆ ನಾಳೆ ಯಾವ ಉತ್ತರ ಬಂದರೂ ಅವಳ ದಂತದ ಬಳೆ ಮತ್ತು ಜೆಟ್ ಬಳೆಗಳನ್ನು ಒಟ್ಟಿಗೆ ಇಟ್ಟೇ ತೋರಿಸಬೇಕು. ಅವು ಸಿಕ್ಕಿದ್ದು ಹಾಗೆಯೇ.